ಬಾಯಲ್ಲಿಟ್ಟ ಬೆಳ್ಳಿ

ಹಳೆಯ ಅಥೆನ್ಸಿನವರು ಚಿಲ್ಲರೆ ಕಾಸನ್ನು ಬಾಯಲ್ಲಿಟ್ಟುಕೊಂಡು ಸಂತೆಗೆ ಹೋಗುತ್ತಿದ್ದರು. ಉಟ್ಟ ಬಟ್ಟೆಗೆ ಜೇಬಿರಲಿಲ್ಲ. ಕಾಸೋ ತೀರ ಸಣ್ಣದು, ಬೆರಳ ಸಂದಿಯಲ್ಲಿ ಜಾರಿದರೆ ಹುಡುಕಿದರೂ ಸಿಗದು. ಕೆನ್ನೆಗೂ ದವಡೆಗೂ ನಡುವೆ ಒತ್ತರಿಸಿಕೊಂಡರೆ ಭದ್ರ. ಕ್ರಿ.ಪೂ. 422ರಲ್ಲಿ ಅರಿಸ್ಟೋಫೇನಿಸ್ ಆಡಿಸಿದ ‘ಕಣಜಗಳು’ ಪ್ರಹಸನದಲ್ಲಿ ಒಬ್ಬ ಮುದುಕ ತನ್ನ ಸಂಕಟ ಹೇಳಿಕೊಳ್ಳುತ್ತಾನೆ. ನ್ಯಾಯಸಭೆಯಲ್ಲಿ ಕೂತದ್ದಕ್ಕೆ ದಿನಕ್ಕೆ ಒಬೊಲ್ ಎಂಬ ಮೂರು ಕಾಸು ಕೂಲಿ. ಅವತ್ತು ಅವನಿಗೂ ಲಿಸಿಸ್ಟ್ರಾಟಸ್ ಎಂಬ ಕುಚೇಷ್ಟೆಗಾರನಿಗೂ ಸೇರಿಸಿ ಆರು ಒಬೊಲ್ ಬೆಲೆಯ ಒಂದು ದ್ರಾಕ್ಮಾ ಕೊಟ್ಟರಂತೆ. ಲಿಸಿಸ್ಟ್ರಾಟಸ್ ಅದನ್ನು ಮೀನಿನಂಗಡಿಯಲ್ಲಿ ಮುರಿಸಿದ. ಮುದುಕನ ಕೈಗೆ ಕಾಸಿನ ಬದಲು ಮೂರು ಮೀನಿನ ಹುರುಪೆ ಇಟ್ಟ. ಮುದುಕ ಒಬೊಲ್ ಎಂದೇ ನಂಬಿ ಬಾಯಿಗೆ ಹಾಕಿಕೊಂಡ. ನಾತ ಮೂಗಿಗೆ ಬಡಿದಾಗ ಥೂ ಎಂದು ಉಗುಳಿದ.

ಈ ಪ್ರಸಂಗ ನನಗೆ ಬಲು ಪ್ರಿಯ. ಗ್ರೀಕರ ಬೆಳ್ಳಿ ನಾಣ್ಯ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಪುಸ್ತಕದ ಪುಟದ ತುಂಬ ದೊಡ್ಡದು ಮಾಡಿ ಅಚ್ಚು ಹಾಕಿದ ಚಿತ್ರ. ಅದನ್ನು ನೋಡಿ ನೋಡಿ, ಒಬೊಲ್ ಅಂದರೆ ಅಂಗೈಯಗಲದ ವಸ್ತು ಎಂಬ ಭಾವನೆ ಕೂತುಬಿಡುತ್ತದೆ. ನಿಜವಾದ ಅಥೆನ್ಸಿನ ಒಬೊಲ್ 0.72 ಗ್ರಾಂ ತೂಗುತ್ತದೆ, ಕಿರುಬೆರಳಿನ ಉಗುರಿನಷ್ಟೇ ಅಗಲ. ಅಷ್ಟು ಜಾಗದಲ್ಲಿ ಒಂದು ಕಡೆ ಶಿರಸ್ತ್ರಾಣ ತೊಟ್ಟ ಅಥೀನಾ ದೇವಿಯ ಮುಖ, ಇನ್ನೊಂದು ಕಡೆ ಗೂಬೆ, ಆಲಿವ್ ಎಲೆ, ಊರಿನ ಹೆಸರಿನ ಮೊದಲ ಮೂರಕ್ಷರ. ಒಬೊಲ್ಲಿನ ಕಾಲುಭಾಗದ ನಾಣ್ಯವನ್ನೂ ಅವರು ಹೊಡೆಯುತ್ತಿದ್ದರು. ಅದರ ತೂಕ 0.18 ಗ್ರಾಂ. ಉಸಿರು ಬಿಟ್ಟರೆ ಹಾರಿಹೋಗುವ ಆ ಚೂರಿಗೆ ಅಚ್ಚು ಕೆತ್ತಿದವನ ಕಣ್ಣು ಎಂಥದ್ದಿರಬೇಕು!

ನಾಣ್ಯ ಸಂಗ್ರಹ ಅಂದರೆ ಕೊಂಡು ಪೆಟ್ಟಿಗೆಯಲ್ಲಿಡುವುದು ಎಂದೇ ಹೆಚ್ಚಿನವರ ಎಣಿಕೆ. ನಾನು ಒಪ್ಪುವುದಿಲ್ಲ. ಕೊಳ್ಳುವುದಕ್ಕೆ ದುಡ್ಡು ಸಾಕು. ಗುರುತು ಹಿಡಿಯುವುದಕ್ಕೆ ಕಣ್ಣು ಬೇಕು, ತಕ್ಕಡಿ ಬೇಕು, ನಾಲ್ಕಾರು ದಪ್ಪ ಪುಸ್ತಕ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಪುರುಸೊತ್ತು ಬೇಕು. ಇದು ಯಾವ ಊರಿನದು, ಯಾರ ಕಾಲದ್ದು, ಯಾವ ತೂಕದ ಪದ್ಧತಿಯದು, ಅಸಲೋ ಖೋಟಾವೋ ಎಂದು ಒಂದೊಂದೇ ಗಂಟು ಬಿಚ್ಚುವುದರಲ್ಲಿ ಈ ಹವ್ಯಾಸದ ಜೀವವೆಲ್ಲ ಇದೆ. ಜರ್ಮನ್ ಕವಿ ಗಯಟೆ 1787ರಲ್ಲಿ ಸಿಸಿಲಿಯ ಪಲೆರ್ಮೋದಲ್ಲಿ ಟೊರ್ರೆಮುಜ್ಜಾ ಎಂಬ ಶ್ರೀಮಂತನ ನಾಣ್ಯಗಳನ್ನು ನೋಡಿ ಬೆರಗಾದದ್ದನ್ನು ತನ್ನ ಪ್ರವಾಸ ಕಥನದಲ್ಲಿ ಬರೆದಿದ್ದಾನೆ. ನಾಣ್ಯ ಅವನದಲ್ಲ, ನೋಡಿದ ಸುಖ ಅವನದೇ. ನನ್ನ ಬಳಿಯೂ ಇರುವುದು ಒಂದೇ ಒಂದು ಸಣ್ಣ ಬೆಳ್ಳಿ ನಾಣ್ಯ. ಅದರ ಮಾತಿಗೆ ಆಮೇಲೆ ಬರುತ್ತೇನೆ. ಮಿಕ್ಕಿದ್ದೆಲ್ಲ ಮ್ಯೂಸಿಯಮ್ಮುಗಳಲ್ಲಿ, ಕೆಟಲಾಗುಗಳಲ್ಲಿ, ಬೇರೆಯವರ ಅಂಗೈಯಲ್ಲಿ ನೋಡಿದ್ದು.

ಮೊದಲ ಪ್ರಶ್ನೆ ಯಾವಾಗಲೂ ತೂಕದ್ದು. ಗ್ರೀಕರು ಒಂದು ದೇಶವಾಗಿರಲಿಲ್ಲ. ನೂರಾರು ಊರು, ಪ್ರತಿ ಊರಿಗೂ ತನ್ನ ಸರ್ಕಾರ, ತನ್ನ ದೇವರು, ತನ್ನ ಟಂಕಸಾಲೆ. ಅಥೆನ್ಸಿನ ದ್ರಾಕ್ಮಾ ಸುಮಾರು 4.3 ಗ್ರಾಂ. ಆರು ಒಬೊಲ್ಲಿಗೆ ಒಂದು ದ್ರಾಕ್ಮಾ, ನಾಲ್ಕು ದ್ರಾಕ್ಮಾ ಸೇರಿಸಿ ಹೊಡೆದ ದೊಡ್ಡ ನಾಣ್ಯ ಟೆಟ್ರಾಡ್ರಾಕ್ಮ್, ಅದರ ತೂಕ 17.2 ಗ್ರಾಂ. ಎದುರಿಗೇ ಕಾಣುವ ಎಜೈನ ದ್ವೀಪದ್ದು ಬೇರೆ ಲೆಕ್ಕ, ಅಲ್ಲಿನ ದೊಡ್ಡ ನಾಣ್ಯ 12.2 ಗ್ರಾಂ. ಕೊರಿಂಥ್ ಊರಿನದು 8.6 ಗ್ರಾಂ. ಇದು ಅಥೆನ್ಸಿನ ಎರಡು ದ್ರಾಕ್ಮಾಕ್ಕೆ ಸರಿಸಮ. ಆದರೆ ಕೊರಿಂಥಿನವರು ಅದನ್ನು ಎರಡಾಗಿ ಒಡೆಯದೆ ಮೂರಾಗಿ ಒಡೆದರು, ಆದ್ದರಿಂದ ಅವರ ದ್ರಾಕ್ಮಾ ಮೂರು ಗ್ರಾಮಿಗೂ ಕಡಿಮೆ. ಚಿತ್ರ ಪೂರ್ತಿ ಸವೆದುಹೋದ ನಾಣ್ಯವನ್ನು ತಕ್ಕಡಿಗೆ ಹಾಕಿದರೂ ಅದು ಯಾವ ಸೀಮೆಯದೆಂಬ ಸುಳಿವು ಸಿಗುತ್ತದೆ. ಸವೆತಕ್ಕೆ ಒಂದಿಷ್ಟು ಬಿಡಬೇಕು, ಅಷ್ಟೆ.

ಆಮೇಲೆ ಚಿತ್ರ. ಸಿಸಿಲಿಯ ಅಕ್ರಗಾಸ್ ಊರಿನದು ಹದ್ದು ಮತ್ತು ಏಡಿ. ದಕ್ಷಿಣ ಇಟಲಿಯ ಮೆಟಪಾಂಟಮ್ಮಿನದು ಜವೆಗೋಧಿಯ ತೆನೆ, ಟಾರಾಸಿನದು ಡಾಲ್ಫಿನ್ ಬೆನ್ನೇರಿದ ಹುಡುಗ. ಕೊರಿಂಥಿನದು ರೆಕ್ಕೆಯ ಕುದುರೆ, ಅದರ ಹೊಟ್ಟೆಯ ಕೆಳಗೆ ಕೊಪ್ಪಾ ಎಂಬ ಹಳೆಯ ಅಕ್ಷರ. ಇದೇ ಕುದುರೆಯನ್ನು ಕೊರಿಂಥಿನವರು ನೆಲೆಸಿದ ಬೇರೆ ಊರುಗಳೂ ಹೊಡೆದವು. ಅಂಬ್ರೇಸಿಯಾದವರು ಆಲ್ಫಾ ಹಾಕಿದರು, ಲ್ಯೂಕಾಸಿನವರು ಲಾಂಬ್ಡಾ ಹಾಕಿದರು. ಕುದುರೆ ಕಂಡೊಡನೆ ಕೊರಿಂಥ್ ಎಂದು ಬರೆದುಕೊಂಡರೆ ಕೆಟ್ಟಿತು, ಅಕ್ಷರ ನೋಡಿ ಬರೆಯಬೇಕು. ಎಜೈನದವರದು ಆಮೆ. ಇದರಲ್ಲೊಂದು ಸೊಗಸಿದೆ. ಮೊದಲು ಅವರು ಹೊಡೆದದ್ದು ಕಡಲಾಮೆ. ಕಾಲುಗಳು ಈಜುವ ಹುಟ್ಟುಗಳು, ಬೆನ್ನು ನುಣ್ಣಗೆ, ನಡುವೆ ಉದ್ದಕ್ಕೆ ಚುಕ್ಕೆಗಳ ಸಾಲು. ಕ್ರಿ.ಪೂ. ಐದನೆಯ ಶತಮಾನದಲ್ಲಿ ಅಥೆನ್ಸ್ ಎಜೈನವನ್ನು ಸೋಲಿಸಿ ಕಡಲಿನ ಯಜಮಾನಿಕೆ ಕಿತ್ತುಕೊಂಡಿತು. ಮುಂದಿನ ನಾಣ್ಯಗಳಲ್ಲಿ ಆಮೆ ನೆಲಕ್ಕೆ ಬಂದಿದೆ. ಅದು ನೆಲದಾಮೆ, ಬೆನ್ನಿನ ಚಿಪ್ಪು ಬಿಲ್ಲೆ ಬಿಲ್ಲೆಯಾಗಿ ಬಿಡಿಸಿದ್ದು. ಕಡಲು ಕೈತಪ್ಪಿದ್ದಕ್ಕೇ ಹೀಗೆ ಮಾಡಿದರೆಂದು ಕೆಲವರು ಹೇಳುತ್ತಾರೆ. ಕಾರಣ ಏನೇ ಇರಲಿ, ಚಿಪ್ಪು ನೋಡಿ ಕಾಲ ಹೇಳಬಹುದು.

ಆದರೂ ಗ್ರೀಕ್ ಬೆಳ್ಳಿ ಎಂದರೆ ಅಥೆನ್ಸಿನ ಗೂಬೆಯೇ. ಕ್ರಿ.ಪೂ. 483ರ ಸುಮಾರಿಗೆ ಅಥೆನ್ಸಿನವರ ಲಾರಿಯನ್ ಗಣಿಯಲ್ಲಿ ಹೊಸದಾಗಿ ಬೆಳ್ಳಿಯ ದೊಡ್ಡ ನೆಲೆ ಸಿಕ್ಕಿತು. ಊರವರಿಗೆಲ್ಲ ತಲೆಗಿಷ್ಟು ಎಂದು ಹಂಚಿಬಿಡೋಣ ಎಂಬ ಮಾತಿತ್ತು. ಥೆಮಿಸ್ಟೋಕ್ಲಿಸ್ ಎಂಬ ಮುಖಂಡ ಎದ್ದು ನಿಂತು, ಹಂಚುವುದು ಬೇಡ, ಹಡಗು ಕಟ್ಟೋಣ ಎಂದ. ಇತಿಹಾಸಕಾರ ಹೆರೊಡೋಟಸ್ ಹೇಳುವ ಲೆಕ್ಕದಲ್ಲಿ 200 ಹಡಗು. ಕ್ರಿ.ಪೂ. 480ರಲ್ಲಿ ಸಲಾಮಿಸ್ಸಿನ ಜಲಸಂಧಿಯಲ್ಲಿ ಪರ್ಷಿಯದ ನೌಕಾಸೈನ್ಯ ಮುರಿದುಬಿದ್ದದ್ದು ಆ ಹಡಗುಗಳಿಂದ. ಅದಾದ ಮೇಲೆ ಅದೇ ಗಣಿಯ ಬೆಳ್ಳಿ ಗೂಬೆಯ ರೂಪದಲ್ಲಿ ಈಜಿಪ್ಟಿನಿಂದ ಆಫ್ಘಾನಿಸ್ತಾನದವರೆಗೆ ಹರಿಯಿತು. ಇವತ್ತಿಗೂ ಗ್ರೀಸ್ ದೇಶದ ಒಂದು ಯೂರೋ ನಾಣ್ಯದ ಮೇಲೆ ಆ ಗೂಬೆಯೇ ಕೂತಿದೆ.

ಈ ನಾಣ್ಯದಲ್ಲಿ ಮೊದಲು ಅಥೀನಾಳ ಕಣ್ಣು ನೋಡಬೇಕು. ಮುಖ ಪಕ್ಕಕ್ಕೆ ತಿರುಗಿದೆ, ಕಣ್ಣು ಮಾತ್ರ ನೇರ ನಮ್ಮನ್ನೇ ನೋಡುವಂತೆ ಬಾದಾಮಿಯಾಕಾರದಲ್ಲಿ ತೆರೆದಿದೆ. ಐದನೆಯ ಶತಮಾನದ ನಡುಭಾಗಕ್ಕೆ ಬರುವಾಗ ಅಥೆನ್ಸಿನ ಶಿಲ್ಪಿಗಳು ಪಾರ್ಥೆನಾನಿನ ಗೋಡೆಯ ಮೇಲೆ ಪಕ್ಕನೋಟದ ಮುಖವನ್ನು ಲವಲೇಶ ತಪ್ಪಿಲ್ಲದೆ ಬಿಡಿಸುತ್ತಿದ್ದರು. ಟಂಕಸಾಲೆಯವರಿಗೂ ಅದು ಬಾರದೆ ಇರಲಿಲ್ಲ. ದೂರ ದೂರದ ವ್ಯಾಪಾರಿಗಳು ಕಣ್ಣುಮುಚ್ಚಿ ಒಪ್ಪುವ ನಾಣ್ಯದ ಮುಖ ಬದಲಾಯಿಸಿದರೆ ನಂಬಿಕೆ ಕೆಡುತ್ತದೆಂದು ಹಳೆಯ ಕಣ್ಣನ್ನೇ ಉಳಿಸಿಕೊಂಡರು. ನಾಲ್ಕನೆಯ ಶತಮಾನದಲ್ಲಿ ಆ ಕಣ್ಣು ಪಕ್ಕಕ್ಕೆ ತಿರುಗುತ್ತದೆ. ನೇರ ಕಣ್ಣೋ ಪಕ್ಕದ ಕಣ್ಣೋ ಎಂಬ ಒಂದೇ ಗುರುತಿನಿಂದ ನಾಣ್ಯ ಈ ಶತಮಾನದ್ದೋ ಆ ಶತಮಾನದ್ದೋ ಎಂದು ವಿಂಗಡಿಸಬಹುದು. ಶಿರಸ್ತ್ರಾಣದ ಮೇಲಿನ ಆಲಿವ್ ಎಲೆಗಳೂ ಗೂಬೆಯ ಹೆಗಲ ಹತ್ತಿರದ ಅರ್ಧಚಂದ್ರನೂ ಪರ್ಷಿಯದ ಯುದ್ಧದ ನಂತರ ಸೇರಿದವು. ಚಂದ್ರ ಯಾಕೆ ಬಂದ ಎಂಬುದರ ಬಗ್ಗೆ ಪಂಡಿತರ ವಾದ ಮುಗಿದಿಲ್ಲ.

ಹೊಡೆಯುವ ಬಗೆಯೂ ಗೊತ್ತಿರಬೇಕು. ಅಡಿಗಲ್ಲಿನಲ್ಲಿ ಕೂರಿಸಿದ ಕೆಳಗಿನ ಅಚ್ಚಿನಲ್ಲಿ ಅಥೀನಾ, ಕೈಯಲ್ಲಿ ಹಿಡಿದ ಉಳಿಯಚ್ಚಿನಲ್ಲಿ ಗೂಬೆ, ನಡುವೆ ಕಾಯಿಸಿದ ಬೆಳ್ಳಿಯ ಬಿಲ್ಲೆ, ಮೇಲಿನಿಂದ ಸುತ್ತಿಗೆಯ ಏಟು. ಬಿಲ್ಲೆ ಕೊಂಚ ಸರಿದರೆ ದೇವಿಯ ತುರಾಯಿ ಹೊರಗೆ ಉಳಿಯಿತು, ಇಲ್ಲವೆ ಮೂಗಿನ ತುದಿ ಹೋಯಿತು. ಹೀಗಾಗಿ ಯಾವ ಎರಡು ನಾಣ್ಯವೂ ಒಂದೇ ತರ ಇಲ್ಲ. ಏಟು ತಿನ್ನುವುದು ಮೇಲಿನ ಅಚ್ಚು, ಬೇಗ ಒಡೆಯುವುದೂ ಅದೇ. ಕೆಳಗಿನ ಅಚ್ಚು ಬಾಳುವಷ್ಟರಲ್ಲಿ ಮೇಲಿನದು ಹಲವು ಸಲ ಬದಲಾಗುತ್ತದೆ. ಇಲ್ಲಿಂದ ಹುಟ್ಟಿದ್ದು ವಿದ್ವಾಂಸರ ದೊಡ್ಡ ವಿದ್ಯೆ. ಎರಡು ನಾಣ್ಯದ ಮುಖ ಒಂದೇ ಅಚ್ಚಿನದು, ಬೆನ್ನು ಬೇರೆ ಬೇರೆ ಅಚ್ಚಿನದು. ಆ ಬೆನ್ನಿನಚ್ಚು ಮತ್ತೊಂದು ಮುಖದ ಜೊತೆ ಸಿಗುತ್ತದೆ. ಅಚ್ಚಿನಲ್ಲಿ ಬಿದ್ದ ಕೂದಲೆಳೆಯ ಬಿರುಕು ಒಂದು ನಾಣ್ಯದಲ್ಲಿ ಸಣ್ಣದು, ಇನ್ನೊಂದರಲ್ಲಿ ದೊಡ್ಡದು. ಹಾಗಾದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಾನಾಗಿ ತಿಳಿಯಿತು. ಇಸವಿ ಬರೆಯದ ನಾಣ್ಯಗಳನ್ನು ಸಾಲಾಗಿ ನಿಲ್ಲಿಸಿದ್ದು ಈ ರೀತಿ.

ಕೆತ್ತಿದವರ ಹೆಸರು ಸಾಮಾನ್ಯವಾಗಿ ಸಿಗುವುದಿಲ್ಲ. ಸಿಸಿಲಿಯ ಸಿರಕ್ಯೂಸ್ ಇದಕ್ಕೆ ಹೊರತು. ಕ್ರಿ.ಪೂ. ಐದನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಕಿಮೋನ್, ಯುವೈನೆಟೋಸ್ ಎಂಬ ಇಬ್ಬರು ಹತ್ತು ದ್ರಾಕ್ಮಾದ ನಾಣ್ಯಕ್ಕೆ ಅಚ್ಚು ಕೆತ್ತಿದರು. ಸುಮಾರು 43 ಗ್ರಾಂ ಬೆಳ್ಳಿ, ಜಲಕನ್ಯೆಯ ಮುಖದ ಸುತ್ತ ಡಾಲ್ಫಿನ್ನುಗಳು, ಹಿಂದೆ ಓಡುವ ನಾಲ್ಕು ಕುದುರೆಯ ರಥ. ಕಿಮೋನ್ ತನ್ನ ಹೆಸರನ್ನು ಆ ಹೆಣ್ಣಿನ ಕೂದಲಿನ ಪಟ್ಟಿಯ ಮೇಲೇ ಬರೆದಿದ್ದಾನೆ. ಭೂತಗನ್ನಡಿ ಹಿಡಿದು ಹುಡುಕಿದರೆ ಕಾಣುತ್ತದೆ. ಮನುಷ್ಯನ ಕೈ ಇದಕ್ಕಿಂತ ಚೆಲುವಾದ ನಾಣ್ಯ ಮಾಡಿಲ್ಲವೆಂದೇ ನನ್ನ ನಂಬಿಕೆ.

ಗೂಬೆ ನಾಣ್ಯಗಳನ್ನು ನೋಡುತ್ತ ಹೋದರೆ ಅನೇಕದರ ಮೇಲೆ ಉಳಿಯಿಂದ ಕಡಿದ ಆಳವಾದ ಗಾಯ ಕಾಣುತ್ತದೆ. ಕೊಳ್ಳುವವರಿಗೆ ಇದು ಕುಂದು. ನನಗೆ ಕಡಿದ ನಾಣ್ಯವೇ ಹೆಚ್ಚು ಇಷ್ಟ. ಒಳಗೆ ತಾಮ್ರವಿಟ್ಟು ಮೇಲೆ ಬೆಳ್ಳಿ ಹೊದಿಸಿದ ಖೋಟಾ ಕಾಸು ಆಗಲೂ ಧಾರಾಳವಾಗಿತ್ತು. ಯುದ್ಧದಲ್ಲಿ ಖಜಾನೆ ಬರಿದಾದಾಗ ಸ್ವತಃ ಅಥೆನ್ಸಿನ ಸರ್ಕಾರವೇ ತಾಮ್ರಕ್ಕೆ ಬೆಳ್ಳಿ ಹೊದಿಸಿ ಹೊಡೆಯಿತು. ಅದನ್ನು ಅರಿಸ್ಟೋಫೇನಿಸ್ ಕ್ರಿ.ಪೂ. 405ರ ‘ಕಪ್ಪೆಗಳು’ ನಾಟಕದಲ್ಲಿ ಚೆನ್ನಾಗಿ ಬೈದಿದ್ದಾನೆ. ಒಳಗೂ ಬೆಳ್ಳಿಯೇ ಇದೆಯೇ ಎಂದು ತಿಳಿಯಲು ಕಡಿಯುವುದೊಂದೇ ಖಾತ್ರಿಯ ದಾರಿ. 1970ರಲ್ಲಿ ಅಥೆನ್ಸಿನ ಹಳೆಯ ಪೇಟೆಯ ಉತ್ಖನನದಲ್ಲಿ ಒಂದು ಕಲ್ಲು ಶಾಸನ ಸಿಕ್ಕಿತು. ನಿಕೋಫೋನ್ ಎಂಬವನು ಕ್ರಿ.ಪೂ. 375ರ ಸುಮಾರಿಗೆ ಮಾಡಿಸಿದ ಕಾನೂನು ಅದು. ಪೇಟೆಯಲ್ಲಿ ಸರಾಫರ ಮೇಜುಗಳ ನಡುವೆ ಸರ್ಕಾರದ ಪರೀಕ್ಷಕ ಕೂರಬೇಕು. ಅವನು ಗುಲಾಮ, ಆದರೆ ಅವನ ಮಾತೇ ಅಂತಿಮ. ಅಸಲೆಂದು ಅವನು ಹೇಳಿದ ನಾಣ್ಯವನ್ನು ಯಾವ ವ್ಯಾಪಾರಿಯೂ ಒಲ್ಲೆ ಎನ್ನುವಂತಿಲ್ಲ, ಎಂದರೆ ಆ ದಿನದ ಸರಕು ಮುಟ್ಟುಗೋಲು. ಖೋಟಾ ಎಂದು ಕಂಡದ್ದನ್ನು ಅಲ್ಲೇ ಅಡ್ಡಕ್ಕೆ ಕಡಿದು ದೇವಮಾತೆಯ ಗುಡಿಗೆ ಒಪ್ಪಿಸಬೇಕು. ಪರೀಕ್ಷಕ ಕೆಲಸಕ್ಕೆ ಬಾರದಿದ್ದರೆ ಅವನಿಗೆ 50 ಛಡಿ ಏಟು. ಹಡಗುಕಟ್ಟೆಯಲ್ಲೂ ಇಂಥವನೊಬ್ಬನನ್ನು ಕೂರಿಸಬೇಕೆಂದು ಅದೇ ಕಾನೂನು ಹೇಳುತ್ತದೆ. ಗೂಬೆಯ ಬೆನ್ನಿನ ಮೇಲಿನ ಒಂದೊಂದು ಗಾಯ ಕಂಡಾಗಲೂ ಹೀಗೆ ಕೂತ ಯಾವನೋ ಚಿನಿವಾರನ ಕೈ ನೆನಪಾಗುತ್ತದೆ.

ಚಿನಿವಾರ ಅಂದಾಗ ನಮ್ಮ ಬೀದಿಯ ಆಚಾರ್ರ ಮಾತು ಹೇಳಬೇಕು. ನನ್ನ ಆ ಒಂದು ನಾಣ್ಯ ಮಿನಾಂಡರ್ ದೊರೆಯದು. ನಮ್ಮ ಬೌದ್ಧರ ‘ಮಿಲಿಂದ ಪನ್ಹ’ದಲ್ಲಿ ಭಿಕ್ಷು ನಾಗಸೇನನಿಗೆ ಪ್ರಶ್ನೆ ಕೇಳುವ ಮಿಲಿಂದ ರಾಜ ಇವನೇ. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಪಂಜಾಬು, ಗಾಂಧಾರದ ಕಡೆ ಆಳಿದ ಗ್ರೀಕ. ಅವನ ದ್ರಾಕ್ಮಾವನ್ನು ತೂಗಿಸಲು ಆಚಾರ್ರ ಬಳಿ ಒಯ್ದೆ. ಅವರ ತಕ್ಕಡಿಯಲ್ಲಿ 2.4 ಗ್ರಾಂ ಬಂತು, ಇಂಡೋ-ಗ್ರೀಕ್ ಪದ್ಧತಿಗೆ ಸರಿಯಾದ ತೂಕ. ಆಚಾರ್ರು ಮುಖ ನೋಡಲಿಲ್ಲ, ಅಕ್ಷರ ನೋಡಲಿಲ್ಲ. ಕಣ್ಣಿಗೆ ಗಾಜು ಹಾಕಿಕೊಂಡು ಅಂಚನ್ನೇ ಸುತ್ತ ತಿರುಗಿಸಿ ನೋಡಿದರು.

“ಬಡಿದಿರೋದು ಮೇಷ್ಟ್ರೇ, ಎರಕ ಅಲ್ಲ,” ಎಂದರು.

“ಹೆಂಗೆ ಹೇಳ್ತೀರಿ ಆಚಾರ್ರೇ?”

“ಎರಕ ಆಗಿದ್ರೆ ಅಂಚಲ್ಲಿ ಕೂಡಿದ ಗೆರೆ ಅರದಿರೋ ಗುರುತು ಇರೋದು, ಮೈಮೇಲೆ ಸಣ್ಣ ಸಣ್ಣ ಗುಳಿ ಇರೋವು. ಇದ್ರಲ್ಲಿ ಬೆಳ್ಳಿ ಏಟು ತಿಂದು ಹೊರಕ್ಕೆ ಸೀಳೈತೆ, ನೋಡಿ ಇಲ್ಲಿ.”

ದೊಡ್ಡ ದೊಡ್ಡ ಕೈಪಿಡಿಗಳು ಹೇಳುವುದೂ ಇದನ್ನೇ. ಅಂಚಿನಲ್ಲಿ ಬಿರಿದ ಸೀಳು, ಅಕ್ಷರಗಳ ಬುಡದಲ್ಲಿ ಲೋಹ ಹರಿದ ಜಾಡು, ಎರಡು ಸಾವಿರ ವರ್ಷ ಮಣ್ಣಲ್ಲಿದ್ದು ಪೆಡಸಾದ ಬೆಳ್ಳಿ, ಇವೇ ಅಸಲಿನ ಸಾಕ್ಷಿ.

ಆದರೆ ಅಚ್ಚನ್ನೇ ಹೊಸದಾಗಿ ಕೆತ್ತಿ ಬಡಿದ ಖೋಟಾವನ್ನು ಅಂಚು ನೋಡಿ ಹಿಡಿಯಲಾಗದು. ಕಾರ್ಲ್ ವಿಲ್ಹೆಲ್ಮ್ ಬೆಕರ್ ಎಂಬ ಜರ್ಮನ್ ಮನುಷ್ಯ, 1772ರಲ್ಲಿ ಹುಟ್ಟಿ 1830ರಲ್ಲಿ ತೀರಿಕೊಂಡವನು, ಗ್ರೀಕ್, ರೋಮನ್ ನಾಣ್ಯಗಳಿಗೆ ನೂರಾರು ಅಚ್ಚು ಕೆತ್ತಿದ. ಹೊಸ ಬೆಳ್ಳಿಯ ಹೊಳಪು ಮಾಸಲೆಂದು ನಾಣ್ಯಗಳನ್ನು ಕಬ್ಬಿಣದ ಪುಡಿ ತುಂಬಿದ ಪೆಟ್ಟಿಗೆಗೆ ಹಾಕಿ, ಕುದುರೆಗಾಡಿಗೆ ಕಟ್ಟಿ ಊರು ಸುತ್ತಿಸುತ್ತಿದ್ದನೆಂದು ಕಥೆಯಿದೆ. ಅವನ ಅಚ್ಚುಗಳು ಬರ್ಲಿನ್ನಿನ ಮ್ಯೂಸಿಯಮ್ಮಿನಲ್ಲಿವೆ. ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಹಿಲ್ 1924ರಲ್ಲಿ ಅವನ ಖೋಟಾಗಳದ್ದೇ ಒಂದು ಪುಸ್ತಕ ಹೊರತಂದರು. ಬೆಕರನ ಕೈ ಬಹಳ ಪಳಗಿದ್ದು. ಆದರೆ ಅವನ ಗ್ರೀಕ್ ದೇವತೆಯರ ತುಟಿಯಲ್ಲಿ ಅವನ ಕಾಲದ ಯೂರೋಪಿನ ಹೆಂಗಸರ ಮೃದುತನ ಬಂದು ಕೂತಿದೆ. ಒಮ್ಮೆ ಅದನ್ನು ಕಂಡವರಿಗೆ ಮತ್ತೆ ಕಾಣದೇ ಇರುವುದಿಲ್ಲ.

ಇನ್ನು ನನಗೆ ನೋವು ತರುವ ಮಾತು. 1984ರಲ್ಲಿ ಟರ್ಕಿಯ ಎಲ್ಮಾಲಿ ಎಂಬ ಊರಿನ ಬಳಿ ಸುಮಾರು 1,900 ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಲೋಕದಲ್ಲೇ ಬೆರಳೆಣಿಕೆಯಷ್ಟಿದ್ದ ಅಥೆನ್ಸಿನ ಹತ್ತು ದ್ರಾಕ್ಮಾದ ನಾಣ್ಯಗಳು ಇದೊಂದರಲ್ಲೇ ಹನ್ನೆರಡಕ್ಕೂ ಹೆಚ್ಚಿದ್ದವು. ಅಗೆದವರು ಕಳ್ಳದಾರಿಯಲ್ಲಿ ಸಾಗಿಸಿದರು, ನಿಧಿ ಅಮೆರಿಕದ ಶ್ರೀಮಂತರ ಕೈಸೇರಿತು. ವರ್ಷಗಟ್ಟಲೆ ಮೊಕದ್ದಮೆ ನಡೆದು 1999ರಲ್ಲಿ ಬಹುಪಾಲು ಟರ್ಕಿಗೆ ಮರಳಿತು. ನಾಣ್ಯ ಬಂತು ನಿಜ. ಆ ನಿಧಿ ಯಾವ ನೆಲದಡಿ ಇತ್ತು, ಜೊತೆಗೆ ಏನೇನಿತ್ತು, ಅದು ಮಾತ್ರ ಬರಲಿಲ್ಲ. ಒಂಟಿ ನಾಣ್ಯ ಎಷ್ಟೇ ಚೆಲುವಾಗಿರಲಿ, ಸಿಕ್ಕ ಜಾಗ ಕಳೆದುಹೋದರೆ ಅದರ ಅರ್ಧ ಮಾತು ಹೋಯಿತು. ಗುರುತಿಸುವ ವಿದ್ಯೆಯನ್ನು ಪ್ರೀತಿಸುವವರು ಮೂಲ ತಿಳಿಸದ ನಾಣ್ಯವನ್ನು ಮುಟ್ಟಬಾರದು. ನಮ್ಮಲ್ಲಿ 1972ರ ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಖಾಸಗಿಯವರು ಅದನ್ನು ದೇಶದಾಚೆ ಸಾಗಿಸುವಂತಿಲ್ಲ. ಒಳ್ಳೆಯ ಕಾನೂನು.

ಸಿಕ್ಕ ಜಾಗ ತಿಳಿದರೆ ಏನಾಗುತ್ತದೆ ಎಂಬುದಕ್ಕೆ ತಕ್ಷಶಿಲೆಯೇ ಸಾಕ್ಷಿ. 1924ರಲ್ಲಿ ಅಲ್ಲಿನ ಭೀರ್ ದಿಬ್ಬದಲ್ಲಿ ಸಾವಿರಕ್ಕೂ ಹೆಚ್ಚು ಭಾರತೀಯ ಮುದ್ರೆಯೊತ್ತಿದ ಬೆಳ್ಳಿ ನಾಣ್ಯಗಳು ಸಿಕ್ಕವು. ಅವುಗಳ ಮೇಲೆ ರಾಜನ ಹೆಸರಿಲ್ಲ, ಇಸವಿಯಿಲ್ಲ. ಸೂರ್ಯ, ಬೆಟ್ಟ, ಮರದಂಥ ಗುರುತು ಮಾತ್ರ. ಜೊತೆಯಲ್ಲಿ ಅಲೆಕ್ಸಾಂಡರನ ಎರಡು, ಅವನ ಮಲಸೋದರ ಫಿಲಿಪ್ಪನ ಒಂದು ನಾಣ್ಯ, ಸವೆಯದೆ ಹೊಸದರಂತೆ. ಹೀಗಾಗಿ ಆ ನಿಧಿ ಹೂತದ್ದು ಕ್ರಿ.ಪೂ. ನಾಲ್ಕನೆಯ ಶತಮಾನದ ಕೊನೆಗೆ ಎಂದು ಹೇಳಲು ಬಂತು. ಮೂರು ಗ್ರೀಕ್ ನಾಣ್ಯ ಸಾವಿರ ಭಾರತೀಯ ನಾಣ್ಯಗಳಿಗೆ ಕಾಲ ಕೊಟ್ಟವು. 1933ರಲ್ಲಿ ಕಾಬೂಲಿನ ಚಮನ್-ಇ-ಹುಜೂರಿಯಲ್ಲಿ ಸಿಕ್ಕ ನಿಧಿಯಲ್ಲಿಯೂ ಅಥೆನ್ಸಿನ ಗೂಬೆಯೂ ನಮ್ಮ ಕಡೆಯ ಬಾಗಿದ ಬೆಳ್ಳಿಪಟ್ಟಿಗಳೂ ಒಟ್ಟಿಗೇ ಇದ್ದವು. ಬಹುಪಾಲು ಆಗಲೇ ಚೆದುರಿಹೋಯಿತು.

ಮಿನಾಂಡರನಂಥ ದೊರೆಗಳು ಮಾಡಿದ ಒಂದು ಕೆಲಸದ ಋಣ ಕನ್ನಡ ಓದುವವರ ಮೇಲೂ ಇದೆ. ಅವರು ನಾಣ್ಯದ ಒಂದು ಮಗ್ಗುಲಲ್ಲಿ ಗ್ರೀಕ್, ಇನ್ನೊಂದರಲ್ಲಿ ಈ ನೆಲದ ಲಿಪಿ ಬರೆಸಿದರು. 1830ರ ದಶಕದಲ್ಲಿ ಕಾಬೂಲಿನ ಉತ್ತರದ ಬೇಗ್ರಾಮಿನಲ್ಲಿ ಚಾರ್ಲ್ಸ್ ಮ್ಯಾಸನ್ ಎಂಬವನು ಸಾವಿರಾರು ನಾಣ್ಯ ಕೂಡಿಸಿದ. ಕಂಪನಿಯ ಸೈನ್ಯ ಬಿಟ್ಟು ಓಡಿಬಂದು ಹೆಸರು ಬದಲಿಸಿಕೊಂಡವನು ಅವನು. ಗ್ರೀಕಿನಲ್ಲಿ ಮಿನಾಂಡರ್ ಎಂದಿರುವಲ್ಲೆಲ್ಲ ಹಿಂಬದಿಯಲ್ಲಿ ಒಂದೇ ಅಕ್ಷರಗುಂಪು ಬರುವುದನ್ನು ಅವನು ಗಮನಿಸಿದ. ಕಲ್ಕತ್ತೆಯ ಟಂಕಸಾಲೆಯ ಜೇಮ್ಸ್ ಪ್ರಿನ್ಸೆಪ್ ಆ ಎಳೆ ಹಿಡಿದು ಖರೋಷ್ಠಿ ಎಂಬ ಆ ಲಿಪಿಯನ್ನು ಓದತೊಡಗಿದರು. 1836ರಲ್ಲಿ ಕ್ರಿಶ್ಚಿಯನ್ ಲಾಸೆನ್ ಎಂಬ ವಿದ್ವಾಂಸರು ಅಗಥೊಕ್ಲಿಸ್ ದೊರೆಯ ನಾಣ್ಯದ ಮೇಲಿನ ಬ್ರಾಹ್ಮಿ ಅಕ್ಷರಗಳನ್ನು ಗ್ರೀಕಿನ ನೆರವಿನಿಂದ ಓದಿದರು. ಅದು ಬೆಳ್ಳಿಯದಲ್ಲ, ಕಂಚಿನದು. ಮರುವರ್ಷವೇ ಪ್ರಿನ್ಸೆಪ್ ಬ್ರಾಹ್ಮಿಯನ್ನು ಪೂರ್ತಿ ಬಿಡಿಸಿದರು. ಆಮೇಲೆ ನಮ್ಮ ಮಸ್ಕಿ, ಬ್ರಹ್ಮಗಿರಿಗಳ ಬಂಡೆಯ ಮೇಲೆ ಅಶೋಕನ ಮಾತು ಓದಲು ಬಂದದ್ದು ಆ ಬಲದಿಂದ. ಕನ್ನಡ ಲಿಪಿ ಬೆಳೆದದ್ದೂ ಅದೇ ಬ್ರಾಹ್ಮಿಯಿಂದ. ಶಾಲೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ನನ್ನ ದ್ರಾಕ್ಮಾದ ಮುಖದಲ್ಲಿ ಮಿನಾಂಡರ್ ಬಲಕ್ಕೆ ತಿರುಗಿದ್ದಾನೆ. ತಲೆಗೆ ರಾಜಪಟ್ಟಿ ಕಟ್ಟಿದೆ, ಅದರ ಎರಡು ತುದಿ ಕತ್ತಿನ ಹಿಂದೆ ಇಳಿದಿವೆ. ಸುತ್ತ ಗ್ರೀಕಿನಲ್ಲಿ ‘ಬಸಿಲಿಯೋಸ್ ಸೊಟೀರೊಸ್ ಮೆನಾಂಡ್ರೂ’, ಅಂದರೆ ಕಾಪಾಡುವ ದೊರೆ ಮಿನಾಂಡರನದು. ಬೆನ್ನಲ್ಲಿ ಖರೋಷ್ಠಿಯಲ್ಲಿ ‘ಮಹರಜಸ ತ್ರತರಸ ಮೆನಂದ್ರಸ’, ಬಲದಿಂದ ಎಡಕ್ಕೆ ಓದಬೇಕು. ನಡುವೆ ಗುರಾಣಿ ಚಾಚಿ ಸಿಡಿಲು ಎಸೆಯುತ್ತಿರುವ ಅಥೀನಾ. ಅಲೆಕ್ಸಾಂಡರನ ತವರಾದ ಪೆಲ್ಲಾದಲ್ಲಿ ಪೂಜೆಗೊಳ್ಳುತ್ತಿದ್ದ ಅದೇ ರೂಪ ಪಂಜಾಬಿನವರೆಗೆ ಬಂದಿದೆ. ಕೆಂಪು ಸಮುದ್ರದಿಂದ ಭಾರತಕ್ಕೆ ಬರುತ್ತಿದ್ದ ಹಡಗುಗಳ ಬಗ್ಗೆ ಗ್ರೀಕ್ ವರ್ತಕನೊಬ್ಬ ಕ್ರಿ.ಶ. ಒಂದನೆಯ ಶತಮಾನದಲ್ಲಿ ಬರೆದ ‘ಪೆರಿಪ್ಲಸ್’ ಕೈಪಿಡಿಯಲ್ಲಿ, ಅಪೊಲೊಡೋಟಸ್ ಎಂಬ ಇನ್ನೊಬ್ಬ ಇಂಡೋ-ಗ್ರೀಕ್ ದೊರೆಯ ಮತ್ತು ಮಿನಾಂಡರನ ಹಳೆಯ ದ್ರಾಕ್ಮಾಗಳು ಗುಜರಾತಿನ ಭರೂಚಿನಲ್ಲಿ ಇನ್ನೂ ಚಲಾವಣೆಯಲ್ಲಿವೆ ಎಂದಿದೆ. ಹೊಡೆದು ಇನ್ನೂರು ವರ್ಷವಾದರೂ ಜನ ಒಪ್ಪುತ್ತಿದ್ದ ಬೆಳ್ಳಿ.

ಅಥೀನಾಳ ಪಕ್ಕದಲ್ಲಿ ಗ್ರೀಕ್ ಅಕ್ಷರಗಳನ್ನು ಒಂದರ ಮೇಲೊಂದು ಹೆಣೆದ ಸಣ್ಣ ಚಿಹ್ನೆಯಿದೆ. ಶ್ರೀಲಂಕಾ ಮೂಲದ ಒಸ್ಮಂಡ್ ಬೋಪೆಆರಚ್ಚಿ ಅವರು 1991ರಲ್ಲಿ ಪ್ಯಾರಿಸ್ಸಿನ ಸಂಗ್ರಹಕ್ಕೆ ಮಾಡಿದ ಕೆಟಲಾಗಿನಲ್ಲಿ ಇಂಥ ಚಿಹ್ನೆಗಳನ್ನು ದೊರೆ ದೊರೆಗೂ ವಿಂಗಡಿಸಿಟ್ಟಿದ್ದಾರೆ. ಅದು ಟಂಕಸಾಲೆಯ ಊರಿನ ಗುರುತು ಎಂದು ಕೆಲವರು, ಬೆಳ್ಳಿಗೆ ಜವಾಬ್ದಾರನಾದ ಅಧಿಕಾರಿಯದು ಎಂದು ಕೆಲವರು. ಒಂದೇ ಚಿಹ್ನೆ ಹಲವು ದೊರೆಗಳ ಕಾಲದುದ್ದಕ್ಕೂ ಬರುವುದರಿಂದ ಒಬ್ಬ ಮನುಷ್ಯನದಿರಲಾರದು ಎಂಬ ಮಾತಿಗೆ ನನಗೆ ತೂಕ ಕಾಣುತ್ತದೆ. ಇದು ಪುಸ್ತಕದಲ್ಲಿ ಕೂತು ಇತ್ಯರ್ಥವಾಗುವ ಸಂಗತಿಯಲ್ಲ. ಎಲ್ಲೋ ಒಂದು ಮಡಕೆ, ಕಳ್ಳರ ಗುದ್ದಲಿಗಲ್ಲದೆ ಪುರಾತತ್ವದವರ ಕರಣೆಗೆ ಸಿಕ್ಕು, ಯಾವ ಪದರದಲ್ಲಿ ಏನಿತ್ತೆಂಬ ಲೆಕ್ಕದ ಸಮೇತ ಮೇಲೆ ಬರಬೇಕು.